ಮುದ್ದೀರಮ್ಮನ ಮನೆ ಹೆಪ್ಪು

ಕಾಲು ಮಡಚ್ಕೊಂಡು ಮಲಕ್ಕೋ ಪುಟ್ಟಿ, ಹೂಂಗುಟ್ಟಬೇಕು ಮತ್ತೆ, ಇಲ್ದಿದ್ರೆ ಕತೆ ಅಲ್ಲೇ ನಿಂತೋಗತ್ತೆ. ಒಂದಾನೊಂದು ಕಾಲದಲ್ಲಿ, ನಿಮ್ಮಪ್ಪ ಹಾಗಿರ್ಲಿ, ನಾನೂ ಹುಟ್ಟಿರಲಿಲ್ಲ, ಆಗ ಒಂದೂರಲ್ಲಿ ಮುದ್ದೀರಮ್ಮ ಅಂತ ಒಬ್ಬ ಮುದುಕಿ ಇದ್ಳಂತೆ. ಅವಳಿಗೆ ಮೂವರು ಸೊಸೇರು. ಮುದ್ದೀರಮ್ಮ ಮದುವೆಯಾಗಿ ಬರೋವಾಗ ಅವರವ್ವ ಒಂದು ಕುಡಿಕೇಲಿ ಹೆಪ್ಪು ಕೊಟ್ಟು ಕಳಿಸಿದ್ಳಂತೆ. ಅವತ್ತಿಂದ ದಿನಾ ಅದೇ ಮೊಸರಲ್ಲಿ ಒಂದಿಷ್ಟು ಉಳಿಸಿ ಹಾಲಿಗೆ ಹೆಪ್ಪು ಹಾಕಿ ಹಾಕಿ, ಅವ್ವ ತೀರ್ಕೊಂಡ ಮೇಲೂ ಅವ್ವನ ಮನೆ ಮೊಸರು ಹಂಗೇ ಉಳ್ಕೊಂಡಿತ್ತಂತೆ.

ಕಿರಿ ಸೊಸೆ ಚೆಲುವಿ ಕೈ ಸ್ವಲ್ಪ ಸಡಿಲ. ಹಿತ್ತಲ ಬಾಗಿಲಿಗೆ ಯಾರೇ ಬಂದು ಒಂಚೂರು ಹೆಪ್ಪು ಕೊಡವ್ವ ಅಂದ್ರೂ ಇಲ್ಲ ಅನ್ನೋಕೆ ಅವಳಿಗೆ ಬಾಯೇ ಬರ್ತಿರಲಿಲ್ಲ. ನೇಯ್ಗೆಯವರ ದೇವೀರಿಗೆ ಕೊಟ್ಳು, ಆಮೇಲೆ ಕುಂಬಾರರ ಕಾಳಮ್ಮಂಗೆ ಕೊಟ್ಳು, ಆಮೇಲೆ ಪಕ್ಕದ ಮನೆ ಸಿದ್ದವ್ವಂಗೂ ಕೊಟ್ಳಂತೆ. ಸಿದ್ದವ್ವ ಅಂದ್ರೆ ಬೆಳಗೆದ್ದು ಚೆಲುವಿ ಕೋಳಿ ಅಂಗಳಕ್ಕೆ ಬಂತು ಅಂತ ಜಗಳ ತೆಗೆಯೋಳು. ಹಿರಿ ಸೊಸೇರಿಬ್ರೂ ಹೋಗಿ ಅತ್ತೆ ಕಿವಿ ಊದಿದ್ರು. ಮುದುಕಿಗೆ ಸಿಟ್ಟು ಬಂದು, ನಮ್ಮವ್ವನ ಹೆಪ್ಪು ಈ ಮನೇಲಿ ಇಲ್ದಂಗಾದ ದಿನ ನೀನೂ ತೌರಿಗೆ ಹೊರಡು ಅಂದುಬಿಟ್ಳಂತೆ. ಪಾಪ, ತೌರಲ್ಲಿ ಚೆಲುವಿಗೆ ಅಂತ ಯಾರೂ ಇರಲಿಲ್ಲ.

ಆಮೇಲೆ ಮುದುಕಿಗೆ ಜ್ವರ ಬಂತಂತೆ. ಜ್ವರ ಬಿಟ್ರೂ ನಾಲಿಗೆಗೆ ರುಚಿ ಇಲ್ಲ. ಗಂಜಿ ಬೇಡ, ಸಾರು ಬೇಡ, ಮುದ್ದೆ ಬೇಡ, ನಮ್ಮವ್ವನ ಮನೆ ಮೊಸರನ್ನ ಆದ್ರೆ ಎರಡು ತುತ್ತು ತಿಂತೀನಿ ಅಂದ್ಳು. ಹಿರಿಯೋರಿಬ್ರಿಗೂ ಅತ್ತೆ ಹತ್ರ ಒಳ್ಳೇರು ಅನ್ನಿಸ್ಕೊಳ್ಳೋ ಆತುರ. ಚೆಲುವಿ ಬಂದು ಯಾರಿಗಾದ್ರೂ ಕೊಟ್ಟಾಳು ಅಂತ, ಇದ್ದಬದ್ದ ಹೆಪ್ಪನ್ನೆಲ್ಲ ತಗೊಂಡು ಒಲೆಯಿಂದ ಇಳಿಸಿದ ಸುಡೋ ಹಾಲಿಗೇ ಸುರಿದುಬಿಟ್ರಂತೆ. ಹಾಲು ಆರೋವರೆಗೂ ಕಾಯೋಕೆ ತಾಳ್ಮೆ ಬೇಕಲ್ಲ. ಬೆಳಗ್ಗೆ ನೋಡಿದ್ರೆ ಹಾಲು ಒಡೆದು ನೀರು ನೀರು. ನಮ್ಮವ್ವ ಇವತ್ತು ಹೋದ್ಳು ಅಂತ ಮುದುಕಿ ಗೋಡೆ ಕಡೆ ತಿರುಗಿ ಮಲಗಿದ್ಳಂತೆ.

ಚೆಲುವಿ ಬಟ್ಟಲು ಹಿಡ್ಕೊಂಡು ಓಡಿದ್ಳು. ದೇವೀರಿ ಮನೇಲಿ ನೆಂಟರು ಬಂದು ಮೊಸರೆಲ್ಲ ಖಾಲಿ. ಕಾಳಮ್ಮನ ಮನೇಲಿ ಬೆಕ್ಕು ಮಡಕೆ ನೆಕ್ಕಿ ಮೀಸೆ ಒರೆಸ್ಕೊಳ್ತಿತ್ತು. ಉಳಿದೋಳು ಸಿದ್ದವ್ವ. ಸಿದ್ದಕ್ಕ, ನಿಮ್ಮನೇಲಿ ಮೊಸರಿದ್ಯಾ ಅಂತ ಹೆದರ್ಕೊಂಡೇ ಕೇಳಿದ್ಳು. ಸಿದ್ದವ್ವ ಮುಖ ಗಂಟು ಹಾಕ್ಕೊಂಡು ಒಳಗೆ ಹೋದೋಳು, ಕೆನೆಗಟ್ಟಿದ ಮಡಕೇನೇ ಎತ್ಕೊಂಡು ಬಂದ್ಳಂತೆ. ತಗೋ, ನಿಮ್ಮನೇದೇ ಹೆಪ್ಪು, ಒಂದಿನಾನೂ ತಪ್ಪಿಸಿಲ್ಲ, ಆದ್ರೆ ಆ ಕೋಳಿನ ಮಾತ್ರ ಕಟ್ಟಾಕು ಅಂದ್ಳು.

ಚೆಲುವಿ ಆ ಮೊಸರಲ್ಲಿ ಅನ್ನ ಕಲಸಿ, ಅದು ಎಲ್ಲಿಂದ ಬಂತು ಅಂತ ಹೇಳಿ ಅತ್ತೆ ಮುಂದಿಟ್ಳು. ಮುದುಕಿ ಒಂದು ತುತ್ತು ಬಾಯಿಗಿಟ್ಳು. ಕಣ್ಣು ತುಂಬ್ಕೊಂತು, ಆಮೇಲೆ ನಗು ಬಂತು. ನಮ್ಮವ್ವ ಒಂದೇ ಮಡಕೇಲಿ ಇದಾಳೆ ಅಂತ ನಾನು ಕಾವಲು ಕೂತಿದ್ನಲ್ಲೇ ಚೆಲುವಿ, ನೀನು ಅವಳನ್ನ ಊರಲ್ಲೆಲ್ಲ ಉಳಿಸಿದೀಯಲ್ಲ ಅಂತ, ಸೊಂಟದ ಬೀಗದ ಕೈ ಬಿಚ್ಚಿ ಅವಳ ಕೈಗಿಟ್ಳಂತೆ.

ಅವತ್ತಿಂದ ಹಿರಿ ಸೊಸೇರೂ ಹಾಲು ಆರೋವರೆಗೂ ಕಾಯೋದು ಕಲಿತ್ರು, ಹಿತ್ತಲ ಬಾಗಿಲಿಗೆ ಬಂದೋರಿಗೆ ತಾವೇ ಎದ್ದು ಹೆಪ್ಪು ಕೊಟ್ರು. ಕೋಳಿನ ಕಟ್ಟಿದ್ರಾ ಅಂತೀಯಾ? ಎಲ್ಲಿ ಕಟ್ಟಿದ್ರು, ಜಗಳ ನಡೀತಾನೇ ಇತ್ತಂತೆ, ಜಗಳ ಮುಗಿಸಿ ಸಿದ್ದವ್ವ ಬಟ್ಟಲು ನೀಡ್ತಿದ್ಳಂತೆ, ಚೆಲುವಿ ತುಂಬಿಸ್ತಿದ್ಳಂತೆ. ಅವರೆಲ್ಲ ಮೊಸರನ್ನ ಉಂಡು ಕೈ ತೊಳೆದ್ರು, ನನ್ನ ಕತೆನೂ ಅಲ್ಲಿಗೆ ಮುಗೀತು, ಇನ್ನು ನೀನು ಕಣ್ಮುಚ್ಚು.