ತುಂಬೆ ಹಸು ನುಂಗಿದ ಕಾಗದದ ಲೋಟ

ಹಬೆಗೆರೆ ಅಂತ ಒಂದು ರಾಜ್ಯ ಇತ್ತಂತೆ, ಮಕ್ಕಳೇ. ಅಲ್ಲಿ ಚಂದಪ್ಪ ಅಂತ ಒಬ್ಬ ದೊರೆ. ಅವನಿಗೆ ಕಾಫಿ ಅಂದರೆ ಪ್ರಾಣ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಕಾಫಿ, ಸಂಜೆ ಕಾಫಿ. ಕಾಸುವವಳು ಸಾತವ್ವ. ಹಾಲು ಕೊಡುವವಳು ಸಾತವ್ವನ ಹಸು, ತುಂಬೆ. ಕರುವಾಗಿದ್ದಾಗಲೇ ತಾಯಿ ಸತ್ತ ತುಂಬೆಯನ್ನು ಸಾತವ್ವ ಬೆರಳು ಚೀಪಿಸಿ, ಹಾಲು ಕುಡಿಸಿ, ಮಗಳ ಹಾಗೆ ಬೆಳೆಸಿದ್ದಳು.

ಆ ಊರಲ್ಲಿ ಹಿತ್ತಾಳೆ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು ರೂಢಿ. ತಾಗಿದರೆ ಎಂಜಲು. ಒಂದು ದಿನ ದೊರೆ ತುಂಬಿದ ಸಭೆಯಲ್ಲಿ ಲೋಟ ಎತ್ತಿದ. ಆಗಲೇ ಸೀನು ಬರಬೇಕೆ! ಕಾಫಿ ಮೂಗಿಗೆ, ಮೀಸೆಗೆ, ಜರಿ ಶಲ್ಯಕ್ಕೆ. ಸಭೆಯೆಲ್ಲ ಕಿಸಕ್ಕನೆ ನಕ್ಕಿತು.

ಮಂತ್ರಿ ಬೊಮ್ಮರಸ ಬಾಯ್ತುಂಬ ಎಲೆಯಡಿಕೆ ಜಗಿಯುತ್ತಾ ಮುಂದೆ ಬಂದ.

"ಮಹಾಪ್ರಭು, ನನ್ನ ಭಾವಮೈದ ಕಾಗದದ ಲೋಟ ಮಾಡ್ತಾನೆ. ಆರಾಮಾಗಿ ತುಟಿಗಿಟ್ಟು ಕುಡೀರಿ, ಎಸೀರಿ, ಮರೀರಿ!"

ದೊರೆ ಆಗಲೇ ಡಂಗುರ ಸಾರಿಸಿದ: "ಇನ್ನು ಅರಮನೆಯಲ್ಲಿ ಕಾಗದದ ಲೋಟ. ಒಬ್ಬರ ಎಂಜಲು ಲೋಟ ಇನ್ನೊಬ್ಬರು ಮುಟ್ಟಕೂಡದು!"

ಬೆಳಿಗ್ಗೆ ದೊರೆ ಕುಡಿದ, ಎಸೆದ, ಮರೆತ. ಲೋಟ ತಾವರೆಕೊಳಕ್ಕೆ ಬಿತ್ತು.

"ಬುದ್ಧೀ, ಕೊಳ..." ಅಂದಳು ಸಾತವ್ವ.

"ಒಂದು ಲೋಟಕ್ಕೆ ಏನಾಗುತ್ತೆ, ಸುಮ್ನಿರು!"

ಮಧ್ಯಾಹ್ನ ಕುಡಿದ, ಎಸೆದ, ಮರೆತ. ಲೋಟ ಕಾಲುವೆಗೆ ಬಿತ್ತು.

"ಬುದ್ಧೀ, ಕಾಲುವೆ..."

"ಒಂದು ಲೋಟಕ್ಕೆ ಏನಾಗುತ್ತೆ, ಸುಮ್ನಿರು!"

ಸಂಜೆ ಕುಡಿದ, ಎಸೆದ, ಮರೆತ. ಲೋಟ ಹುಲ್ಲಿನ ಬಯಲಿಗೆ ಬಿತ್ತು. ಸಾತವ್ವ ಬಾಯಿ ತೆರೆಯುವ ಮೊದಲೇ ದೊರೆ, "ಸುಮ್ನಿರು" ಅಂದ.

ದೊರೆ ಮಾಡಿದ್ದನ್ನೇ ಸಭೆಯವರೂ ಮಾಡಿದರು. ಎಲ್ಲರೂ ಹೇಳಿದ್ದು ಒಂದೇ ಮಾತು: "ನನ್ನದು ಒಂದೇ ತಾನೆ!" ಕೊಳ ಮುಚ್ಚಿತು. ಕಾಲುವೆ ಕಟ್ಟಿತು. ಬಯಲು ಬೆಳ್ಳಗಾಯಿತು. ಲೋಟದ ತಳದ ಸಕ್ಕರೆ ನೆಕ್ಕಲು ಹೋದ ತುಂಬೆ ಲೋಟವನ್ನೂ ನುಂಗಿತು. ಹೊಟ್ಟೆ ಉಬ್ಬಿತು, ಕೆಚ್ಚಲು ಬತ್ತಿತು.

ಸಾತವ್ವ ಓಮದ ಕಷಾಯ ಕುಡಿಸಿದಳು. ತುಂಬೆ ಕೆಮ್ಮಿ ಕೆಮ್ಮಿ ಲೋಟ ಕಕ್ಕಿತು. ಬಯಲಿಗೆ ಹೋಗಿ ಮತ್ತೆ ನುಂಗಿತು. ಮೂರು ಸಲ ಹೀಗೇ ಆಯಿತು. ಮೂರನೇ ಸಲ ತುಂಬೆ ಏಳಲೇ ಇಲ್ಲ. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಾತವ್ವ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ಹೋಗಿ ದೊರೆಗೆ ಬರೀ ಕಪ್ಪು ಡಿಕಾಕ್ಷನ್ ಕೊಟ್ಟಳು.

"ಥೂ, ಕಹಿ! ಹಾಲೆಲ್ಲಿ?"

"ಕೊಟ್ಟಿಗೆಗೆ ಬಂದು ನೀವೇ ಕೇಳಿ, ಬುದ್ಧೀ."

ದೊರೆ ಬಂದ. ತುಂಬೆ ಕಷ್ಟದಿಂದ ಕತ್ತೆತ್ತಿತು. "ನೀನು ಕುಡಿದೆ, ಎಸೆದೆ, ಮರೆತೆ. ನಾನು ನುಂಗಿದೆನಲ್ಲ ದೊರೆ, ಮರೆಯೋಣ ಅಂದರೂ ಆಗ್ತಿಲ್ಲ."

ದೊರೆಗೆ ಚುರುಕ್ಕೆಂದಿತು. "ಯಾರಲ್ಲಿ! ಬಯಲು ಗುಡಿಸಿ!"

ಆಳುಗಳು ಕೈಕಟ್ಟಿ ನಿಂತರು. "ಎಂಜಲು ಮುಟ್ಟಬಾರದು ಅಂತ ತಮ್ಮದೇ ಅಪ್ಪಣೆ, ಬುದ್ಧೀ."

ಏನು ಮಾಡ್ತಾನೆ ಪಾಪ! ದೊರೆ ಕಚ್ಚೆ ಬಿಗಿದು ಬಗ್ಗಿದ. ಮೀಸೆ ಎಣ್ಣೆ ಹತ್ತಿದ ಲೋಟಗಳೆಲ್ಲ ಅವನವೇ, ಅವನ್ನೆಲ್ಲ ಆರಿಸಿದ. ದೊರೆಯೇ ಬಗ್ಗಿದ ಮೇಲೆ ಸಭೆಯವರೂ ಬಗ್ಗಿ ತಮ್ಮ ತಮ್ಮ ಲೋಟ ಆರಿಸಿದರು. ಆದರೂ ಒಂದು ಗುಡ್ಡ ಉಳಿಯಿತು. ಅದರಲ್ಲಿದ್ದ ಲೋಟಗಳ ಅಂಚೆಲ್ಲ ಎಲೆಯಡಿಕೆ ಕೆಂಪು!

"ನಾನಂತೂ ಕಾಫಿ ಮುಟ್ಟಿದವನೇ ಅಲ್ಲ," ಅಂದ ಬೊಮ್ಮರಸ.

ಸಾತವ್ವ ಮೆಲ್ಲಗೆ ಅಂದಳು: "ಅಯ್ಯೋ, ಹಾಗಾದರೆ ಬಿಡಿ ಮಂತ್ರಿಗಳೇ. ನಮ್ಮ ಅರಮನೆ ಕಾಫಿ ಎಲ್ಲರಿಗಿಂತ ಹೆಚ್ಚು ಕುಡಿದವರಿಗೆ ದೊರೆ ಪಟ್ಟೆ ಪೇಟ ಸುತ್ತಿಸಿದರೆ ಚೆನ್ನಾಗಿತ್ತು ಅಂತಿದ್ದೆ."

ಸಾತವ್ವ ಕಣ್ಣು ಮಿಟುಕಿಸಿದಳು. ದೊರೆ "ಸುತ್ತಿಸೋಣ!" ಅಂದ.

ಬೊಮ್ಮರಸ ಗುಡ್ಡದ ಮೇಲೆ ಹಾರಿ ನಿಂತ. "ಈ ಕೆಂಪಂಚಿನವೆಲ್ಲ ನನ್ನವೇ ಮಹಾಪ್ರಭು! ಒಂದನ್ನೂ ಬಿಟ್ಟುಕೊಡಲ್ಲ!"

"ಸರಿ ಹಾಗಾದರೆ, ಒಂದನ್ನೂ ಬಿಡದೆ ಆರಿಸಿ," ಅಂದ ದೊರೆ. "ಎಲ್ಲ ಹೊತ್ತುಕೊಂಡು ಹೋಗಿ ನಿಮ್ಮ ಭಾವಮೈದನ ಅಂಗಳಕ್ಕೆ ಸುರೀರಿ. ಪೇಟ ಆಮೇಲೆ, ತಲೆ ಮೇಲೆ ಜಾಗ ಉಳಿದರೆ!"

ತಲೆ ಮೇಲೆ ಮೂಟೆ ಹೊತ್ತ ಮಂತ್ರಿಯನ್ನು ನೋಡಿ ನಗದವರೇ ಇಲ್ಲ.

ಬಯಲು ಹಸಿರಾಯಿತು. ಕಷಾಯ ಹತ್ತಿತು. ತುಂಬೆ ಎದ್ದು ನಿಂತು ಸಾತವ್ವನ ಕೈ ನೆಕ್ಕಿತು. ದೊರೆ ಹಿತ್ತಾಳೆ ಲೋಟ ಎತ್ತಿ ಕುಡಿದ. ಮೂಗಿನ ಮೇಲೆ ಒಂದು ತೊಟ್ಟು ಬಿತ್ತು. ಈ ಸಲ ಮೊದಲು ನಕ್ಕವನು ಅವನೇ. ಕುಡಿದು, ತಾನೇ ತೊಳೆದು, ಬೋರಲು ಹಾಕಿದ.

ನಾವು ಎಸೆದದ್ದು ಮಾಯವಾಗೋದಿಲ್ಲ ಮಕ್ಕಳೇ, ಇನ್ಯಾರದೋ ಹೊಟ್ಟೆ ಸೇರುತ್ತೆ. ತೊಳೆಯೋ ಸೋಮಾರಿತನಕ್ಕೆ ಇನ್ನೊಂದು ಜೀವ ನೋಯಬಾರದು.

ನನ್ನ ಕಥೆಯೂ ತಳ ಕಂಡಿತು. ಏಳಿ, ನಿಮ್ಮ ನಿಮ್ಮ ಲೋಟ ತೊಳೆದಿಡಿ.