ದನಿ ಏರುವ ಕಡೆ

"ಗುರುಗಳೇ, ಅಲೆ ಪರದೆಯ ಮೇಲೆ ನಿಲ್ಲದೆ ಓಡುತ್ತಿದೆ. ಟ್ರಿಗರ್ ಗುಂಡಿಯನ್ನು ಪೂರಾ ಮೇಲಕ್ಕೆ ತಿರುಗಿಸಿದರೆ ಪರದೆಯೇ ಬರಿದಾಗುತ್ತದೆ. ಇದನ್ನು ನಿಲ್ಲಿಸುವುದು ಹೇಗೆ?"

ವಿದ್ಯುತ್ತಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನ ಮುಂದೆ ಕುಳಿತಿದ್ದ ತಿಪ್ಪೇಶ ಕೇಳಿದ. ಅಲೆ ಎಷ್ಟು ಎತ್ತರಕ್ಕೆ ಏರಿದಾಗ ಚಿತ್ರ ಶುರುವಾಗಬೇಕೆಂದು ಗೊತ್ತುಮಾಡುವ ಆ ಗುಂಡಿಯನ್ನು ಗುರುಗಳು ಮುಟ್ಟಲಿಲ್ಲ. ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ನಾಲಿಗೆ ಹೊರಳದಾಯಿತು. ಆದರೂ ಅವನು ಏನನ್ನೋ ಹೇಳುತ್ತಿದ್ದ. ಹೇಳಿದ್ದನ್ನೇ ಹೇಳುತ್ತಿದ್ದ. ಮಾತು ಎಲ್ಲಿ ಮುಗಿಯಿತು, ಮತ್ತೆ ಎಲ್ಲಿ ಶುರುವಾಯಿತು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

ಬಂದವರು ಬಂದ ಗಳಿಗೆಯಿಂದ ಕಿವಿಗೊಟ್ಟರು. ಮಗನಿಗೆ 'ನೀರು' ಎಂದು ಕೇಳಿಸಿತು, ಚೊಂಬು ತಂದ. ಅಂಬಿಗ ಮುಖ ತಿರುಗಿಸಿದ. ತಮ್ಮನಿಗೆ 'ದಂಡೆ' ಎಂದು ಕೇಳಿಸಿತು. ಅಣ್ಣನನ್ನು ಹೊತ್ತುಕೊಂಡು ಹೊಳೆದಂಡೆಗೆ ಹೋದ. ಅಂಬಿಗ ಅಲ್ಲಿ ಕುಳಿತು ಕಣ್ಣೀರು ಹಾಕಿದ. ಇನ್ನು ಕೇಳಿ ಫಲವಿಲ್ಲವೆಂದು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು.

ಹೆಂಡತಿ ಹೋಗಲಿಲ್ಲ. ಹಿಂದೆ ಅವನು ಆಚೆ ದಡದಿಂದ ಕೂಗಿದರೆ ಅವಳಿಗೆ ಅಡುಗೆಮನೆಯಲ್ಲಿ ಕೇಳಿಸುತ್ತಿತ್ತು. ಆ ಕೂಗು ಬಂದಾಗ ಕೇಳೋಣವೆಂದು ಕಾದಳು. ಅಷ್ಟು ಎತ್ತರದ ದನಿ ಅವನಲ್ಲಿ ಉಳಿದಿರಲಿಲ್ಲ. ಕಾದದ್ದೇ ಬಂತು.

ಆಗ ಅವಳು ಹಾಸಿಗೆಯ ಪಕ್ಕಕ್ಕೆ ಬಂದು ಕುಳಿತಳು. ಇರುವ ದನಿಯನ್ನೇ ಗಮನಿಸಿದಳು. ಗೊಣಗಿನ ನಡುವೆ ಒಂದು ಕಡೆ ಅದು ಎಳೆಯಷ್ಟು ಮೇಲೇಳುತ್ತಿತ್ತು. ಏರಿದಾಗ ಮಾತ್ರ ಕಿವಿಗೊಟ್ಟಳು. ಸ್ವಲ್ಪ ಕೇಳಿ ಬಿಟ್ಟುಬಿಟ್ಟಳು. ಮತ್ತೆ ದನಿ ಅಷ್ಟೇ ಏರುವವರೆಗೆ ಕಾದಳು. ಮತ್ತೆ ಅಲ್ಲಿಂದಲೇ ಕೇಳಿದಳು. ಮೊದಲು ಕೇಳಿದ ಸದ್ದಿನ ಮೇಲೆಯೇ ಈಗಿನ ಸದ್ದು ಬಂದು ಕೂತಿತು. ಸಂಜೆಯ ಹೊತ್ತಿಗೆ ಮಾತು ಬಿಡಿಬಿಡಿಯಾಯಿತು.

"ನೀನ್ ಉಂಡೆಯಾ?"

ಅಂಬಿಗ ಕೇಳುತ್ತಿದ್ದದ್ದು ಇಷ್ಟೇ. ಅವನು ಹಾಸಿಗೆ ಹಿಡಿದಂದಿನಿಂದ ಅವಳು ನೆಟ್ಟಗೆ ಉಂಡಿರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಅದನ್ನು ಕಂಡಿರಲಿಲ್ಲ.

ಅವಳು ತಟ್ಟೆ ತಂದು ಅವನೆದುರಿಗೇ ಕುಳಿತಳು. "ಹ್ಞೂಂ, ಉಣ್ತಿದೀನಿ" ಎಂದಳು. ಅಳುತ್ತಲೇ ಉಂಡಳು. ಅಂಬಿಗನ ಮುಖ ತಿಳಿಯಾಯಿತು.

ಗುರುಗಳು ಕತೆ ನಿಲ್ಲಿಸಿದರು. ತಿಪ್ಪೇಶ ಗುಂಡಿಯನ್ನು ಮೆಲ್ಲಗೆ ಕೆಳಕ್ಕೆ, ಅಲೆಯ ತುದಿ ಮುಟ್ಟುವಷ್ಟಕ್ಕೆ ಇಳಿಸಿದ. ಪರದೆಯ ಮೇಲೆ ಅಲೆ ಕದಲದೆ ನಿಂತಿತು. ಆದರೆ ಅವನ ಮನಸ್ಸು ಇನ್ನೂ ಆ ಹಾಸಿಗೆಯ ಪಕ್ಕದಲ್ಲೇ ಇತ್ತು.

"ಆಮೇಲೆ ಅವನ ಮಾತು ಸರಿಹೋಯಿತೇ, ಗುರುಗಳೇ?"

"ಇಲ್ಲ ಮಗು, ಅವನ ಮಾತು ಕೊನೆಯವರೆಗೂ ಹಾಗೆಯೇ ಓಡಿತು, ಕಾದು ನಿಂತದ್ದು ಅವಳ ಕಿವಿ."