ಕವಲುದಾರಿಯ ಮಂಟಪದ ಗೋಡೆ

"ಗುರುಗಳೇ, ನಮ್ಮ ವೆಬ್‌ಸೈಟನ್ನು ಇನ್ನು ಅದರ ಪಾಡಿಗೆ ಬಿಟ್ಟುಬಿಡಲೇ?" ಎಂದು ಚನ್ನವೀರ ಕೇಳಿದ.

ಮೂತ್ರಪಿಂಡದ ಕಾಯಿಲೆಯವರ ಮನೆಯವರೆಲ್ಲ ಸೇರಿ ಕಟ್ಟಿದ ವೆಬ್‌ಸೈಟ್ ಅದು. ಯಾವ ಊರಲ್ಲಿ ಡಯಾಲಿಸಿಸ್ ಸಿಗುತ್ತದೆ, ಯಾವ ಔಷಧಿ ಎಲ್ಲಿದೆ, ಎಲ್ಲವನ್ನೂ ಅಲ್ಲಿ ಬರೆಯುತ್ತಿದ್ದರು. ಯಾರು ಬೇಕಾದರೂ ಓದಬಹುದಿತ್ತು. ಆಮೇಲೆ ಬೈಯುವವರು ಬಂದರು, ಸುಳ್ಳು ಔಷಧಿ ಮಾರುವವರು ಬಂದರು. ಬೇಸತ್ತು ಎಲ್ಲರೂ ಒಂದು ವಾಟ್ಸಾಪ್ ಗುಂಪಿಗೆ ಹೋದರು. ಪರಿಚಯದವರು ಸೇರಿಸಿದರೆ ಮಾತ್ರ ಅಲ್ಲಿಗೆ ಪ್ರವೇಶ.

"ಗುಂಪಿನಲ್ಲಿ ನೆಮ್ಮದಿಯಾಗಿದ್ದೇವೆ. ವೆಬ್‌ಸೈಟಿನ ಕಡೆ ಯಾರೂ ತಲೆ ಹಾಕುವುದಿಲ್ಲ" ಎಂದ ಚನ್ನವೀರ.

"ನೆಮ್ಮದಿಯಾಗಿದ್ದವನು ನನ್ನ ತಲೆ ತಿನ್ನಲು ಯಾಕೆ ಬಂದೆ? ಕೂತುಕೋ, ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದು ಬಯಲು. ನಡುವೆ ದಾರಿ ಕವಲೊಡೆಯುವಲ್ಲಿ ಒಂದು ಮಂಟಪ. ಎಡದ ದಾರಿಯಲ್ಲಿ ಹುಣಸೆಮರದ ಬಾವಿ, ಬಲದ ದಾರಿಯಲ್ಲಿ ಗುಡ್ಡದ ಬಾವಿ. ಎರಡು ದಾರಿಯೂ ಒಂದೇ ಪೇಟೆಗೆ ಹೋಗುತ್ತವೆ. ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಹೋಗುವ ವ್ಯಾಪಾರಿಗಳದ್ದು ಅಲ್ಲಿ ಒಂದು ಪದ್ಧತಿ. ಯಾವ ಬಾವಿಯಲ್ಲಿ ನೀರಿದೆ, ಯಾವುದರಲ್ಲಿ ಇಲ್ಲ ಎಂಬುದನ್ನು ನೋಡಿ ಬಂದವರು ಮಂಟಪದ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಬೇಕು. ಮುಂದಿನವನು ಓದಿಕೊಂಡು ಹೋಗುತ್ತಾನೆ. ಅವನು ಯಾರೆಂದು ಯಾರೂ ಕೇಳುತ್ತಿರಲಿಲ್ಲ.

ಒಳ್ಳೆಯ ಗೋಡೆ ಕಂಡರೆ ಕೆಲವರಿಗೆ ಕೈ ಸುಮ್ಮನಿರುವುದಿಲ್ಲ. ಒಬ್ಬ ಎಲೆ ಅಡಿಕೆ ಉಗಿದ. ಇನ್ನೊಬ್ಬ ತನಗಾಗದವನ ಹೆಸರು ಬರೆದು ಬೈದ. ವ್ಯಾಪಾರಿಗಳು ಒರೆಸಿದರು, ಮತ್ತೆ ಒರೆಸಿದರು. ಕೊನೆಗೆ, "ಸಾಕಪ್ಪ ಈ ಗೋಡೆಯ ಸಹವಾಸ" ಎಂದು ಮಂಟಪದ ಹಿಂದೆ ಒಂದು ಕೋಣೆ ಕಟ್ಟಿ ಬಾಗಿಲಿಗೆ ಬೀಗ ಹಾಕಿದರು. ಬೀಗದ ಕೈ ಗುರುತಿನವರ ಬಳಿ ಮಾತ್ರ. ನೀರಿನ ಸುದ್ದಿಯೆಲ್ಲ ಇನ್ನು ಒಳಗೇ. ಅದೇನೂ ತಪ್ಪಲ್ಲ ಬಿಡು. ಉಗುಳಿನ ಮುಂದೆ ಕೂತು ಬುತ್ತಿ ಬಿಚ್ಚಲು ಯಾರಿಗೆ ಮನಸ್ಸು ಬರುತ್ತದೆ?

ಆ ಬೇಸಿಗೆಯಲ್ಲಿ ಹುಣಸೆಮರದ ಬಾವಿ ಬತ್ತಿತು. ಮೊದಲು ನೋಡಿದವನು ಒಬ್ಬ ವ್ಯಾಪಾರಿ. ಕೋಣೆಗೆ ಬಂದು ಹೇಳಿದ. ಎಲ್ಲರೂ ಭಲೇ ಎಂದರು, ಅವನಿಗೂ ಖುಷಿಯಾಯಿತು. ಗೋಡೆಯ ಮೇಲೆ ಮಾತ್ರ, "ಎಡದ ಬಾವಿಯಲ್ಲಿ ನೀರು ಬೇಕಾದಷ್ಟಿದೆ" ಎಂಬ ಹಳೆಯ ಬರಹ ಹಾಗೇ ಇತ್ತು. ಅದೂ ಅವನೇ ಬರೆದದ್ದು. ಆ ಗೋಡೆಯನ್ನು ಇನ್ನು ಯಾರು ಓದುತ್ತಾರೆ ಎಂದು ಅವನು ಅದರ ಮುಂದೆಯೇ ನಡೆದುಹೋದ.

ಕೆಲವು ದಿನಗಳ ಮೇಲೆ ಅವನ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಹೊರಟಳು. ಮೈದುನ ಗಾಡಿ ಹೊಡೆಯುತ್ತಿದ್ದ. ಉರಿಬಿಸಿಲಿನಲ್ಲಿ ಮಂಟಪ ಮುಟ್ಟಿದಾಗ ಬಿಂದಿಗೆ ಬರಿದಾಗಿತ್ತು. ಕೋಣೆಗೆ ಬೀಗ. ಅವಳು ಗೋಡೆ ಓದಿದಳು. ಗಾಡಿ ಎಡಕ್ಕೆ ತಿರುಗಿತು.

ಇತ್ತ ಅಪ್ಪ ಪೇಟೆಯಲ್ಲಿ ತನ್ನ ಮನೆಯ ಬಾಗಿಲಲ್ಲಿ ಕಾಯುತ್ತಿದ್ದ. ಬಲದ ದಾರಿಯಿಂದ ಬಂದವನೊಬ್ಬ, "ದಾರಿಯಲ್ಲಿ ಯಾವ ಗಾಡಿಯೂ ಇರಲಿಲ್ಲವಲ್ಲ" ಎಂದ. ವ್ಯಾಪಾರಿಗೆ ಗೋಡೆಯ ಬರಹ ನೆನಪಾಯಿತು. ನೀರಿನ ಚೀಲ ಎತ್ತಿಗೆ ಹೇರಿಕೊಂಡು ಎಡದ ದಾರಿಯಲ್ಲಿ ಓಡಿದ. ದಾರಿಯುದ್ದಕ್ಕೂ ದೇವರಿಗೆ ಮೊರೆಯಿಟ್ಟ, ತನ್ನನ್ನೇ ಬೈದುಕೊಂಡ.

ಬಾವಿಯ ಬಳಿ ಬಸವಳಿದ ಮೈದುನನ ಪಕ್ಕ ಮಗಳು ಮರಕ್ಕೊರಗಿ ಕೂತಿದ್ದಳು. ಜೀವವಿತ್ತು. ಅದೇ ಗೋಡೆ ನಂಬಿ ಅಲ್ಲಿಗೆ ಬಂದ ಕುರಿಯವಳೊಬ್ಬಳು ಕುರಿಯ ಹಾಲು ಕರೆದು ಗುಟುಕು ಗುಟುಕಾಗಿ ಕುಡಿಸುತ್ತಿದ್ದಳು. ಅಪ್ಪ ಮಗಳ ಕೈ ಹಿಡಿದು ಗಳಗಳ ಅತ್ತುಬಿಟ್ಟ.

ನೀರು ಕುಡಿದ ಮೇಲೆ ಮಗಳು, "ಅಪ್ಪಾ, ಬಾವಿ ಬತ್ತಿದ್ದು ನಿನಗೆ ಗೊತ್ತಿರಲಿಲ್ಲವೇ?" ಎಂದಳು.

"ಗೊತ್ತಿತ್ತು ತಾಯಿ. ನಮ್ಮವರಿಗೆಲ್ಲ ಹೇಳಿದ್ದೆ."

"ಹಾಗಾದರೆ ನಾನು ಯಾರವಳು?"

ಮಗಳನ್ನು ಮನೆ ಸೇರಿಸಿದವನೇ ಅವನು ಸುಣ್ಣದ ಗಡಿಗೆ ಹೊತ್ತು ಮಂಟಪಕ್ಕೆ ಹೋದ. ಗೋಡೆ ತೊಳೆದು ಹೊಸದಾಗಿ ಬರೆದ. ಜೊತೆಯವರು, "ನಾಳೆ ಮತ್ತೆ ಉಗಿಯುತ್ತಾರೆ, ನಿನಗೆಲ್ಲೋ ಹುಚ್ಚು" ಎಂದು ನಕ್ಕರು. "ಉಗಿಯಲಿ, ಮತ್ತೆ ತೊಳೆಯುತ್ತೇನೆ" ಎಂದ. ನಿಜವಾಗಿಯೂ ಉಗಿದರು. ಅವನೂ ತೊಳೆದ. ನೋಡಿ ನೋಡಿ ನಕ್ಕವರಿಗೇ ನಾಚಿಕೆಯಾಯಿತು. ಕೋಣೆಯನ್ನು ಅವರೇನೂ ಕೆಡವಲಿಲ್ಲ. ಅಲ್ಲೇ ಕೂತು ಹರಟಿದರು, ಜಗಳವಾಡಿದರು. ಆದರೆ ನೀರಿನ ಸುದ್ದಿ ಕೇಳಿದವನು ಗೋಡೆಯ ಮೇಲೆ ಅದನ್ನು ಬರೆಯದೆ ಎತ್ತು ಹೊರಡಿಸುವಂತಿಲ್ಲ ಎಂದು ತಮ್ಮೊಳಗೆ ಕಟ್ಟು ಮಾಡಿಕೊಂಡರು. ಮಗಳಿಗೆ ಹೆಣ್ಣುಮಗು ಹುಟ್ಟಿತು. ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹೊರಟ ದಿನ ಅವಳು ಗುಡ್ಡದ ಬಾವಿಯಲ್ಲಿ ಹೊಟ್ಟೆ ತುಂಬ ನೀರು ಕುಡಿದಳು, ಮಂಟಪದ ಗೋಡೆಯ ಮೇಲೆ ಅದನ್ನು ಬರೆದೇ ಮುಂದೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ಇನ್ನೂ ಸಮಾಧಾನವಾಗಲಿಲ್ಲ.

"ಆದರೂ ಗುರುಗಳೇ, ಹೊರಗಿನವರು ಓದಿಕೊಂಡು ಹೋಗುತ್ತಾರೆ, ಏನೂ ಕೊಡುವುದಿಲ್ಲ. ಮುಖ ಪರಿಚಯವೂ ಇಲ್ಲದವರಿಗಾಗಿ ನಾವೇಕೆ ಗೋಡೆ ತೊಳೆಯುತ್ತಾ ಕೂರಬೇಕು?"

ಗುರುಗಳು ನಕ್ಕು ಕೇಳಿದರು: "ಮೊದಲ ಸಲ ಬಾಯಾರಿದಾಗ ನೀನು ಬಾಗಿಲಿನ ಯಾವ ಕಡೆ ನಿಂತಿದ್ದೆಯಪ್ಪಾ?"

ಯಾರ ಪರಿಚಯವೂ ಇಲ್ಲದ ದಿನ ಆ ವೆಬ್‌ಸೈಟ್ ಓದಿಯೇ ಡಯಾಲಿಸಿಸ್ ಸಿಗುವ ಊರು ಹುಡುಕಿಕೊಂಡಿದ್ದ ಚನ್ನವೀರ ಫೋನ್ ತೆಗೆದು ಅದನ್ನು ತೆರೆದ.